ಅನ್ನನಾಳದ ಚೀಲಗಳು: ಪತ್ತೆ ಮತ್ತು ಚಿಕಿತ್ಸೆಯ ಇತಿಹಾಸ

ಅನ್ನನಾಳದ ಗೋಡೆ ಒಂದೆಡೆ ಹೊರಕ್ಕೆ ಉಬ್ಬಿದಾಗ ಅಲ್ಲೊಂದು ಚೀಲ ಮೂಡುತ್ತದೆ. ವೈದ್ಯರು ಇದನ್ನು ಡೈವರ್ಟಿಕ್ಯುಲಮ್ ಎನ್ನುತ್ತಾರೆ. ಹೆಚ್ಚು ಕಾಟ ಕೊಡುವುದು ಗಂಟಲು ಅನ್ನನಾಳವನ್ನು ಸೇರುವ ಕಡೆ ಹಿಂಬದಿಯಲ್ಲಿ ಹುಟ್ಟುವ ಚೀಲ. ಅರವತ್ತು ದಾಟಿದವರಲ್ಲಿ ಇದು ಹೆಚ್ಚು. ತಿಂದದ್ದು ಗಂಟೆಗಳ ಬಳಿಕ ಹಾಗೆಯೇ ಬಾಯಿಗೆ ಬರುತ್ತದೆ, ಕತ್ತಿನಲ್ಲಿ ಗುಳುಗುಳು ಸದ್ದಾಗುತ್ತದೆ, ಮಲಗಿದರೆ ಕೆಮ್ಮು ಬರುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಮುದ್ದೆ ಇಳಿಯುತ್ತಿಲ್ಲ ಎಂದು ಹಿರಿಯರು ಹೇಳಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಅನ್ನನಾಳದ ಕ್ಯಾನ್ಸರಿಗೂ ಇದೇ ಮೊದಲ ಸೂಚನೆಯಾಗಿರಬಹುದು.

ಬ್ರಿಸ್ಟಲ್‌ನ ಶಸ್ತ್ರವೈದ್ಯ ಏಬ್ರಹಾಂ ಲಡ್ಲೊ ಶವಪರೀಕ್ಷೆಯಲ್ಲಿ ಕಂಡ ಇಂಥ ಚೀಲವನ್ನು 1764ರಲ್ಲಿ ವರ್ಣಿಸಿದ. ಜರ್ಮನಿಯ ಜೆಂಕರ್ ಮತ್ತು ಜೀಮ್ಸೆನ್ 1877ರಲ್ಲಿ 27 ಪ್ರಕರಣಗಳನ್ನು ಒಟ್ಟುಗೂಡಿಸಿ, ಒಳಗಿನ ಒತ್ತಡವೇ ಪೊರೆಯನ್ನು ಹೊರದೂಡುತ್ತದೆಂದು ವಿವರಿಸಿದರು. ಚೀಲಕ್ಕೆ ಜೆಂಕರನ ಹೆಸರೇ ನಿಂತಿತು.

ಎದೆಯ ನಡುಭಾಗದ ಚೀಲಗಳ ಹುಟ್ಟು ಬೇರೆ. ಕ್ಷಯದಿಂದ ಊದಿದ ದುಗ್ಧಗ್ರಂಥಿಗಳು ವಾಸಿಯಾಗುತ್ತ ಮುದುಡಿ, ಅನ್ನನಾಳದ ಗೋಡೆಯನ್ನು ಎಳೆಯುತ್ತವೆ. ಕ್ಷಯರೋಗಿಗಳಿಗೆಂದೇ 1921ರಲ್ಲಿ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ ತೆರೆಯಬೇಕಾಗಿ ಬಂದ ಸೀಮೆಯಲ್ಲಿ ಈ ಬಗೆಯನ್ನು ಮರೆಯುವಂತಿಲ್ಲ. ಇವುಗಳಲ್ಲಿ ಬಹುಪಾಲಿಗೆ ಚಿಕಿತ್ಸೆ ಬೇಕಿಲ್ಲ.

ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವ ಪದ್ಧತಿ 1910ರ ದಶಕದಲ್ಲಿ ನೆಲೆಯೂರಿದ ಮೇಲೆ ಬದುಕಿರುವವರಲ್ಲೇ ಚೀಲ ಸ್ಪಷ್ಟವಾಗಿ ಕಾಣತೊಡಗಿತು. ಇಂದಿಗೂ ಮೊದಲು ಮಾಡಬೇಕಾದ್ದು ಇದೇ. ಚೀಲವಿರುವುದು ತಿಳಿಯದೆ ಎಂಡೋಸ್ಕೋಪ್ ಇಳಿಸಿದರೆ ಅದರ ತುದಿ ಚೀಲದೊಳಗೆ ಹೊಕ್ಕು ತೂತಾಗುವ ಅಪಾಯವಿದೆ.

ಶಸ್ತ್ರವೈದ್ಯರ ಕಣ್ಣು ಬಹುಕಾಲ ಚೀಲದ ಮೇಲೆಯೇ ಇತ್ತು. 1886ರಲ್ಲಿ ವೀಲರ್ ಅದನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸಿದ. ಆದರೆ ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಸೋಂಕು ಎದೆಗಿಳಿದರೆ ಸಾವೇ. ಆ ಭಯಕ್ಕೆ ಗೋಲ್ಡ್‌ಮನ್ 1909ರಲ್ಲಿ ಶಸ್ತ್ರಕ್ರಿಯೆಯನ್ನು ಎರಡು ಹಂತವಾಗಿಸಿದ. 1917ರಲ್ಲಿ ಮೋಷರ್ ಬಾಯಿಯ ಮೂಲಕವೇ ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯನ್ನು ಸೀಳಿದ. ಒಬ್ಬ ರೋಗಿ ಸತ್ತಾಗ ಕೈಬಿಟ್ಟ. ಅವನು ಹಿಡಿದ ದಾರಿ ಮಾತ್ರ ಸರಿಯಾಗಿತ್ತು. ಆ ಗೋಡೆಯೊಳಗಿರುವ, ನುಂಗುವಾಗ ಸರಿಯಾಗಿ ಸಡಿಲಗೊಳ್ಳದ ಸ್ನಾಯುವೇ ಒತ್ತಡದ ಮೂಲ. ಅದನ್ನು ಹಾಗೇ ಬಿಟ್ಟು ಚೀಲ ತೆಗೆದರೆ ಮತ್ತೆ ಹುಟ್ಟಬಹುದು. 1960ರಲ್ಲಿ ಡೋಲ್ಮನ್ ಮತ್ತು ಮ್ಯಾಟ್ಸನ್ ವಿದ್ಯುತ್ ಶಾಖದಿಂದ ಗೋಡೆಯನ್ನು ಸೀಳಿದರು. 1993ರಿಂದ ಸ್ಟೇಪ್ಲರ್ ಸೀಳುತ್ತಲೇ ಅಂಚುಗಳನ್ನು ಮುಚ್ಚತೊಡಗಿತು. ಬಳಿಕ ಬಾಗುವ ಎಂಡೋಸ್ಕೋಪಿನಿಂದಲೂ ಈ ಕೆಲಸ ಸಾಧ್ಯವಾಯಿತು; ಕತ್ತು ಬಗ್ಗಿಸಲಾಗದ ಮುದುಕರಿಗೆ ಇದು ದೊಡ್ಡ ಅನುಕೂಲ.

ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ. ಬೇಲೂರು, ಅರಸೀಕೆರೆಗಳಿಂದ ಅದು ಸುಮಾರು 40 ಕಿ.ಮೀ. ದೂರ; ಮುದ್ದೆ ಇಳಿಯದ ಹಿರಿಯರನ್ನು ಅಲ್ಲಿಗೆ ಕರೆದೊಯ್ದು ತೋರಿಸಬಹುದು. ತೊಂದರೆ ಕೊಡದ ಸಣ್ಣ ಚೀಲವನ್ನು ಇಂದು ಮುಟ್ಟುವುದಿಲ್ಲ. ತೂಕ ಇಳಿಯುತ್ತಿದ್ದರೆ ಅಥವಾ ಆಹಾರ ಶ್ವಾಸಕೋಶ ಸೇರಿ ನ್ಯುಮೋನಿಯಾ ಮರುಕಳಿಸುತ್ತಿದ್ದರೆ ಚಿಕಿತ್ಸೆ ತಡಮಾಡುವುದಿಲ್ಲ.