ಹೊಂಗೆಯ ಹಣತೆಯಿಂದ ಹೊಂಗೆಯ ಡೀಸೆಲ್‌ವರೆಗೆ



ಸಾಲಗಾಮೆಯ ಕಡೆಯವರಿಗಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರಿಗಾಗಲಿ ಹೊಂಗೆಮರವನ್ನು ಪರಿಚಯಿಸಬೇಕಾಗಿಲ್ಲ. ಯುಗಾದಿಯ ಹೊತ್ತಿಗೆ ಚಿಗುರಿ ನೆರಳು ಕೊಡುವ ಈ ಮರದ ಸೊಪ್ಪು ಗದ್ದೆಗೆ ಗೊಬ್ಬರ. ಬೀಜದ ಎಣ್ಣೆ ಒಂದು ಕಾಲದಲ್ಲಿ ಹಳ್ಳಿಯ ಹಣತೆಗೆ ಇಂಧನ. ಸೀಮೆಎಣ್ಣೆ ಬಂದ ಮೇಲೆ ಅದು ಮೂಲೆ ಸೇರಿತು.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹೀಗೆ ಮೈಸೂರು ಸಂಸ್ಥಾನದ ವಿದ್ಯುತ್ ಯುಗ ಆರಂಭವಾದದ್ದು ಹೊಗೆಯಿಲ್ಲದ ಶಕ್ತಿಯಿಂದ ಎಂಬುದನ್ನು ನೀವು ಗಮನಿಸಬೇಕು. ಆದರೆ ಕಾರ್ಖಾನೆಗಳೂ ಪಂಪ್‌ಸೆಟ್ಟುಗಳೂ ಹೆಚ್ಚಿದಂತೆ, ಮಳೆಯನ್ನೇ ನಂಬಿದ ಜಲಾಶಯಗಳು ಸಾಲದಾದವು. 1985ರಲ್ಲಿ ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. ರಸ್ತೆಗಳಲ್ಲಿ ಡೀಸೆಲ್ ವಾಹನಗಳು ತುಂಬಿದವು. ಬೆಳವಣಿಗೆಯ ಬೆನ್ನಿಗೇ ಹೊಗೆಯೂ ಬಂದಿತು.

ಡೀಸೆಲ್ ಎಂಜಿನ್ನಿಗೆ ಕಲ್ಲೆಣ್ಣೆಯೇ ಬೇಕೆ? 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ಅಂತಹ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಈ ಹಳೆಯ ಪಾಠಕ್ಕೆ ಹಾಸನದಲ್ಲಿ ಹೊಸ ಅಧ್ಯಾಯ ಸೇರಿತು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. ಅನ್ನ ಬೆಳೆಯುವ ಭೂಮಿಯನ್ನು ಕಸಿಯದೆ, ಬದು, ಬೇಲಿ, ಬಂಜರುಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮರಗಳನ್ನು ಬೆಳೆಸುವುದು ಇದರ ತಿರುಳು.

ಇದರ ಕ್ರಮ ಸರಳ. ಬೀಜವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತಾರೆ. ಅದಕ್ಕೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಬಿಸಿಮಾಡಿದರೆ ಗ್ಲಿಸರಿನ್ ಬೇರ್ಪಟ್ಟು ಬಯೋಡೀಸೆಲ್ ಉಳಿಯುತ್ತದೆ. ಹಿಂಡಿ ಹೊಲಕ್ಕೆ ಗೊಬ್ಬರ. ಈ ಇಂಧನದಲ್ಲಿ ಗಂಧಕ ಅತ್ಯಲ್ಪ, ಹೊಗೆಯ ಮಸಿಯೂ ಕಡಿಮೆ. ಉರಿದಾಗ ಹೊರಬರುವ ಇಂಗಾಲವಾದರೂ ಮರವು ಗಾಳಿಯಿಂದಲೇ ಪಡೆದದ್ದು.

ಹಾಗೆಂದು ಹೊಂಗೆಯೊಂದೇ ನಾಡಿನ ಹಸಿವನ್ನು ತಣಿಸಲಾರದು. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿಲೋ ಬೀಜ ಬೇಕು. ಅದನ್ನು ಆಯ್ದು, ಒಣಗಿಸಿ, ಸುಲಿಯುವ ಕೂಲಿ ಗಿಟ್ಟದಿದ್ದರೆ ಬೀಜ ಮರದಡಿಯೇ ಉಳಿಯುತ್ತದೆ. ಪಾವಗಡದಲ್ಲಿ 2050 ಮೆಗಾವಾಟ್‌ನ ಸೌರ ಉದ್ಯಾನ ಎದ್ದಿತು. ಚಿತ್ರದುರ್ಗ, ಗದಗಗಳ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ.

ಈ ಇತಿಹಾಸ ನಿಮಗೆ ಹೇಳುವುದಿಷ್ಟು: ಯಾವ ಇಂಧನವೂ ಶಾಶ್ವತವಲ್ಲ, ಯಾವುದೂ ಪುಕ್ಕಟೆಯಲ್ಲ. ಹನಿ ಕೂಡಿದರೆ ಹಳ್ಳ ಎಂಬಂತೆ, ನೀರು, ಬಿಸಿಲು, ಗಾಳಿ, ಬೀಜ ಇವೆಲ್ಲವೂ ಕೂಡಿದರೆ ಮಾತ್ರ ಹೊಗೆ ಇಳಿದೀತು. ನಿಮ್ಮೂರಿನ ಹೊಂಗೆಮರಗಳನ್ನು ಒಮ್ಮೆ ಎಣಿಸಿ ನೋಡಿ. ಅವುಗಳ ಬೀಜ ಎಲ್ಲಿಗೆ ಹೋಗುತ್ತಿದೆಯೆಂದು ಹಿರಿಯರನ್ನು ಕೇಳಿ.