ಕಮರಿಗೆ ಸರಿದ ಸಂತರ ಮನೆ

ಜುಲೈ 15 ಸಂತ ಬೊನವೆಂತುರರ ಹಬ್ಬ. ಧರ್ಮಸಭೆಯ ಈ ಮಹಾಪಂಡಿತರು 1274ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ತೀರಿಕೊಂಡರು. ಹುಟ್ಟೂರು ಮಾತ್ರ ರೋಮಿನ ಉತ್ತರಕ್ಕಿರುವ ಚಿವಿತಾ. ಇಟಲಿಗೆ ಯಾತ್ರೆ ಹೋಗುವ ನಮ್ಮವರು ರೋಮ್, ಅಸ್ಸಿಸಿ ನೋಡಿ ಮರಳುತ್ತಾರೆ. ಈ ಪುಟ್ಟ ಊರಿನ ಕಡೆ ತಿರುಗುವವರು ಕಡಿಮೆ.

ಚಿವಿತಾ ಎತ್ರುಸ್ಕನ್ನರ ಕಾಲದಷ್ಟು ಹಳೆಯದು. ಗುಡ್ಡದ ನೆತ್ತಿಯಲ್ಲಿ ಜ್ವಾಲಾಮುಖಿಯ ಕಲ್ಲು, ಅದರಡಿ ಜೇಡಿಮಣ್ಣು. ಮಳೆಗೂ ತೊರೆಗಳಿಗೂ ಜೇಡಿ ಕೊಚ್ಚಿಹೋದಂತೆ ಮೇಲಿನ ಕಲ್ಲು ಬಿರಿದು ಕಳಚುತ್ತದೆ, ಮನೆಗಳೂ ಜೊತೆಗೆ ಉರುಳುತ್ತವೆ. 1695ರ ಭೂಕಂಪದ ನಂತರ ಧರ್ಮಾಧ್ಯಕ್ಷರೇ ಪಕ್ಕದ ದಿಬ್ಬಕ್ಕೆ, ಇಂದಿನ ಬಾನ್ಯೊರೆಜೊ ಪಟ್ಟಣಕ್ಕೆ, ಸ್ಥಳಾಂತರಗೊಂಡರು. ಕುರುಬ ಹೊರಟ ಮೇಲೆ ಮಂದೆ ನಿಲ್ಲುವುದುಂಟೇ? ಸಂತರದೆನ್ನುವ ಮನೆಯೂ ಕಮರಿಗೆ ಸರಿದುಹೋಗಿದೆ.

ಲಿಯೋನ್‌ನಲ್ಲಿದ್ದ ಅವರ ದೇಹವೂ ಉಳಿಯಲಿಲ್ಲ; 1562ರ ಧಾರ್ಮಿಕ ಕಲಹದಲ್ಲಿ ನಾಶವಾಯಿತು. ಅದಕ್ಕೂ ಮೊದಲೇ ತವರಿಗೆ ಬಂದಿದ್ದ ತೋಳಿನ ಅವಶೇಷ ಮಾತ್ರ ಬಾನ್ಯೊರೆಜೊದಲ್ಲಿದೆ. ಬಾಲ್ಯದಲ್ಲಿ ಸಾವಿನಂಚಿನಲ್ಲಿದ್ದ ತಮ್ಮನ್ನು ಸಂತ ಫ್ರಾನ್ಸಿಸರ ಮಧ್ಯಸ್ಥಿಕೆ ಉಳಿಸಿತೆಂದು ಅವರೇ ಬರೆದಿದ್ದಾರೆ. ಬರೆದ ಕೈ ಉಳಿದದ್ದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

ಚಿವಿತಾಕ್ಕೆ ವಾಹನ ಹೋಗುವ ರಸ್ತೆಯಿಲ್ಲ. 1965ರ ಉದ್ದನೆಯ ಕಾಲುಸೇತುವೆಯೇ ಗತಿ. 2013ರಲ್ಲಿ ಪ್ರವೇಶ ಶುಲ್ಕವೂ ಬಂತು. ಊರು ನೋಡಲು ಟಿಕೆಟ್ಟೇ ಎಂದು ಮೂಗು ಮುರಿಯಬೇಡಿ. ಕುಸಿಯುವ ಗುಡ್ಡವನ್ನು ಕಾಯಲು ಹಣ ಬೇಕು. ಚೌಕದಲ್ಲಿ ಹಿಂದಿನ ಪ್ರಧಾನಾಲಯ, ಸಂತ ದೊನಾತರ ದೇವಾಲಯ, ಇನ್ನೂ ನಿಂತಿದೆ. ಪ್ರವಾಸಿಗರು ಸಾವಿರಗಟ್ಟಲೆ ಬಂದು ಸಂಜೆಗೆ ಸೇತುವೆ ದಾಟಿ ಹಿಂದಿರುಗುತ್ತಾರೆ. ರಾತ್ರಿ ಅಲ್ಲಿ ದೀಪ ಹಚ್ಚುವ ಮನೆಗಳು ಬೆರಳೆಣಿಕೆಯಷ್ಟು.