ನೆರಳು ತೋಟದಲ್ಲಿ ನಿತ್ಯಹರಿದ್ವರ್ಣ ಜರೀಗಿಡಗಳ ಬೇಸಾಯ

ಕಟ್ಟಡಗಳ ನಡುವಿನ ಕಿರಿದಾದ ಜಾಗ, ಮಾವು ಅಥವಾ ಹಲಸಿನ ಮರದ ಬುಡ, ಎತ್ತರದ ಕಾಂಪೌಂಡ್ ಗೋಡೆಯ ಮಗ್ಗುಲು ಮುಂತಾದ ಕಡೆಗಳಲ್ಲಿ ನೇರ ಬಿಸಿಲು ಬೀಳದಿರುವುದರಿಂದ ಹೂಗಿಡಗಳು ಚೆನ್ನಾಗಿ ಬೆಳೆಯುವುದಿಲ್ಲ. ಇಂತಹ ಸ್ಥಳಗಳಿಗೆ ವರ್ಷವಿಡೀ ಹಸಿರಾಗಿರುವ ಜರೀಗಿಡಗಳು ಅತ್ಯಂತ ಸೂಕ್ತವಾಗಿವೆ. ಜರೀಗಿಡಗಳು ಹೂ, ಕಾಯಿ, ಬೀಜಗಳನ್ನು ಬಿಡದೆ ಬೀಜಾಣುಗಳ ಮೂಲಕ ವಂಶಾಭಿವೃದ್ಧಿ ಹೊಂದುವ ಸಸ್ಯಗಳಾಗಿವೆ.

ಜಾತಿಗಳ ಆಯ್ಕೆ

ಹೊಸದಾಗಿ ಬೆಳೆಯಲಿಚ್ಛಿಸುವವರು ನೆಫ್ರೋಲೆಪಿಸ್ ಜಾತಿಯಿಂದ ಪ್ರಾರಂಭಿಸುವುದು ಒಳಿತು. ಬಾಸ್ಟನ್ ಫರ್ನ್ ಎಂದು ಮಾರಾಟವಾಗುವ ಗಿಡವು ಇದೇ ಜಾತಿಗೆ ಸೇರಿದ್ದು, ಸ್ವಲ್ಪಮಟ್ಟಿನ ಅಲಕ್ಷ್ಯವನ್ನೂ ಸಹಿಸಿಕೊಳ್ಳುತ್ತದೆ. ಇದು ಬಳ್ಳಿಯಂತಹ ಕವಲುಗಳಿಂದ ವೇಗವಾಗಿ ಹರಡುವುದರಿಂದ ಪಾತಿಯ ಸುತ್ತ ಇಟ್ಟಿಗೆಯ ಅಂಚು ಕಟ್ಟುವುದು ಅವಶ್ಯ. ಅಗಲವಾದ ಎಲೆಗಳು ಬಟ್ಟಲಿನಂತೆ ಜೋಡಣೆಗೊಂಡಿರುವ ಹಕ್ಕಿಗೂಡು ಜರೀಗಿಡವನ್ನು ಕುಂಡದಲ್ಲಿಯೂ ನೆಲದಲ್ಲಿಯೂ ಬೆಳೆಯಬಹುದು. ತೆಳುವಾದ ಕಪ್ಪು ಕಡ್ಡಿಗಳ ಅಡಿಯಾಂಟಮ್ ನೋಡಲು ಬಹು ಸುಂದರವಾದರೂ ಗಾಳಿಯಲ್ಲಿನ ತೇವಾಂಶ ಕಡಿಮೆಯಾದ ಕೂಡಲೇ ಒಣಗುತ್ತದೆ. ಬಯಲುಸೀಮೆಯ ಜಿಲ್ಲೆಗಳಲ್ಲಿ ಇದನ್ನು ಮೊದಲ ಗಿಡವಾಗಿ ಆಯ್ದುಕೊಳ್ಳದಿರುವುದು ಸೂಕ್ತ.

ನಿತ್ಯಹರಿದ್ವರ್ಣವೆಂದರೆ ಎಲೆ ಒಣಗುವುದೇ ಇಲ್ಲವೆಂದು ಅರ್ಥವಲ್ಲ. ಹಳೆಯ ಎಲೆಗಳು ಒಂದೊಂದಾಗಿ ಕಂದಾಗುತ್ತಿರುವಾಗಲೇ ನಡುವಿನಿಂದ ಸುರುಳಿ ಸುತ್ತಿದ ಹೊಸ ಎಲೆಗಳು ಬರುತ್ತಿರುತ್ತವೆ. ಆದರೆ ಮಲೆನಾಡಿನ ಮರಗಳ ಮೇಲೆ ಕಾಣುವ ಡ್ರೈನೇರಿಯಾದಂತಹ ಜರೀಗಿಡಗಳು ಬೇಸಿಗೆಯಲ್ಲಿ ಹಸಿರೆಲೆಗಳನ್ನು ಉದುರಿಸಿ ಮಳೆ ಬಂದೊಡನೆ ಚಿಗುರುತ್ತವೆ. ಇವು ಸತ್ತಿವೆಯೆಂದು ಕಿತ್ತೆಸೆಯಬಾರದು.

ಮಣ್ಣು ಮತ್ತು ನಾಟಿ

ನಾಟಿಗೆ ಜೂನ್ ಮತ್ತು ಜುಲೈ ತಿಂಗಳುಗಳು ಪ್ರಶಸ್ತ. ಎರಡು ಭಾಗ ಕೊಳೆತ ಎಲೆಗೊಬ್ಬರ ಹಾಗೂ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳು ತಲಾ ಒಂದು ಭಾಗ ಬೆರೆಸಿದ ಮಿಶ್ರಣವು ಉತ್ತಮ. ಹಸಿ ಸಗಣಿಯನ್ನು ಬಳಸಕೂಡದು. ನೆಫ್ರೋಲೆಪಿಸ್ ಗಿಡಗಳ ನಡುವೆ 45 ಸೆಂ.ಮೀ. ಅಂತರವಿರಲಿ. ಗಿಡದ ಚಿಗುರುವ ಭಾಗವು ಮಣ್ಣಿನ ಮಟ್ಟದಲ್ಲಿಯೇ ಇರತಕ್ಕದ್ದು; ಅದನ್ನು ಹೂತಲ್ಲಿ ಕೊಳೆಯುತ್ತದೆ. ನಾಟಿ ಮಾಡಿದ ಗಿಡಗಳು ಸಾಯುವುದಕ್ಕೆ ಈ ತಪ್ಪೂ ಒಂದು ಮುಖ್ಯ ಕಾರಣವಾಗಿದೆ. ಮರದ ನೆರಳಿಲ್ಲದ ಕಡೆ ಶೇ. 75ರ ನೆರಳು ಪರದೆಯನ್ನು ಕಟ್ಟಬಹುದು.

ನೀರು

ಕರ್ನಾಟಕದ ಬಯಲು ಪ್ರದೇಶದಲ್ಲಿ ಜರೀಗಿಡಗಳಿಗೆ ಚಳಿಯಿಂದ ತೊಂದರೆಯಿಲ್ಲ. ಮಾರ್ಚ್‌ನಿಂದ ಮೇ ವರೆಗಿನ ಒಣ ಹವೆಯೇ ನಿಜವಾದ ಪರೀಕ್ಷೆ. ಮಣ್ಣು ಸದಾ ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಬೆಳಿಗ್ಗೆ ಗಿಡಕ್ಕೆ ನೀರು ಕೊಟ್ಟು, ಸುತ್ತಲಿನ ನೆಲವನ್ನೂ ಒದ್ದೆ ಮಾಡಿದಲ್ಲಿ ತಂಪು ಉಳಿಯುತ್ತದೆ. ಗಡಸಾದ ಕೊಳವೆಬಾವಿ ನೀರಿನಿಂದ ಎಲೆಯ ತುದಿಗಳು ಕಂದಾಗುವುದುಂಟು. ಸಾಧ್ಯವಿರುವವರು ಸಂಗ್ರಹಿಸಿದ ಮಳೆನೀರನ್ನು ಇದಕ್ಕಾಗಿ ಮೀಸಲಿಡಬಹುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಲೀಟರ್ ನೀರಿಗೆ 1 ಗ್ರಾಂನಂತೆ 19:19:19 ಗೊಬ್ಬರ ನೀಡಿದರೆ ಸಾಕು.

ಎಲೆಯ ಹಿಂಭಾಗದ ಕಂದು ಚುಕ್ಕೆಗಳು

ಇವನ್ನು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವವರು ಅನೇಕರಿದ್ದಾರೆ. ಸಾಲಾಗಿ, ಒಂದೇ ಅಳತೆಯಲ್ಲಿರುವ ಚುಕ್ಕೆಗಳು ಬೀಜಾಣುಗಳ ಗುಂಪುಗಳಾಗಿದ್ದು, ಗಿಡದ ಆರೋಗ್ಯದ ಲಕ್ಷಣವಾಗಿವೆ. ಅಡ್ಡಾದಿಡ್ಡಿಯಾಗಿ ಕಡ್ಡಿಯ ಮೇಲೂ ಹರಡಿದ್ದು, ಉಗುರಿನಿಂದ ಕೆರೆದಾಗ ಚಿಪ್ಪಿನಂತೆ ಏಳುವಂಥವು ಮಾತ್ರ ಶಲ್ಕ ಕೀಟಗಳು. ಇವುಗಳನ್ನು ಸಾಬೂನು ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯತಕ್ಕದ್ದು. ಎಣ್ಣೆಯುಕ್ತ ಔಷಧಿಗಳಿಂದ ಜರೀಗಿಡದ ಎಲೆಗಳು ಸುಟ್ಟಂತಾಗುವ ಸಂಭವವಿದೆ.

ಕಾಡಿನಿಂದ ಗಿಡ ತರುವ ಬಗ್ಗೆ

ಪ್ರವಾಸಕ್ಕೆ ಹೋದಾಗ ಕಾಡಿನ ಜರೀಗಿಡಗಳನ್ನು ಕಿತ್ತು ತರುವುದು ಅನೇಕರಿಗೆ ಅಪರಾಧವೆಂದೇ ತೋರುವುದಿಲ್ಲ. ಆದರೆ ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ತೆಗೆಯುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅಡಿಯಲ್ಲಿಯೂ, ಅಭಯಾರಣ್ಯದಿಂದ ತೆಗೆಯುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅಡಿಯಲ್ಲಿಯೂ ಅಪರಾಧವಾಗಿರುತ್ತದೆ. ಪಶ್ಚಿಮ ಘಟ್ಟಗಳ ಹಳ್ಳದಂಡೆಗಳಲ್ಲಿ ಬೆಳೆಯುವ ಮರಜರೀಗಿಡವಾದ ಸಯಾಥಿಯಾ ಎತ್ತರಕ್ಕೇರಲು ಹಲವು ವರ್ಷಗಳು ಬೇಕು. ಇದರ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ. ಕಾಂಡವನ್ನು ಕಡಿದಲ್ಲಿ ಸಾಮಾನ್ಯವಾಗಿ ಗಿಡವೇ ಸಾಯುತ್ತದೆ. ಆದ್ದರಿಂದ ಆರ್ಕಿಡ್ ಬೆಳೆಯಲು ಮರಜರೀಗಿಡದ ಕಾಂಡದ ಬದಲು ತೆಂಗಿನ ಸಿಪ್ಪೆಯನ್ನು ಬಳಸುವುದು. ಕಾನೂನಿನ ಮಾತು ಒತ್ತಟ್ಟಿಗಿರಲಿ, ತಂಪು ಕಣಿವೆಯಿಂದ ಕಿತ್ತ ಗಿಡವು ಬಯಲುಸೀಮೆಯ ಏಪ್ರಿಲ್ ತಿಂಗಳನ್ನು ದಾಟುವುದು ಅಪರೂಪ.

ಗಿಡಗಳನ್ನು ಪಡೆಯುವ ವಿಧಾನ

ಆಸಕ್ತ ಸಾರ್ವಜನಿಕರು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಅಲಂಕಾರಿಕ ಗಿಡಗಳ ಲಭ್ಯತೆ ಹಾಗೂ ಪ್ರಚಲಿತ ದರವನ್ನು ವಿಚಾರಿಸಬಹುದು. ಎಲ್ಲಾ ಜಾತಿಗಳು ಎಲ್ಲಾ ಕ್ಷೇತ್ರಗಳಲ್ಲಿ ದೊರೆಯುವುದಿಲ್ಲವಾದ ಕಾರಣ ಮುಂಚಿತವಾಗಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸುವುದು. ಖಾಸಗಿ ನರ್ಸರಿಗಳಲ್ಲಿ ಕೊಳ್ಳುವವರು ಗಿಡವು ಕುಂಡದಲ್ಲಿಯೇ ಬೇರೂರಿ ಬೆಳೆದಿದೆಯೇ ಅಥವಾ ಕಾಡಿನಿಂದ ಕಿತ್ತು ಈಚೆಗೆ ನೆಟ್ಟದ್ದೇ ಎಂಬುದನ್ನು ನೋಡಿಕೊಂಡು, ರಶೀದಿಯನ್ನು ತಪ್ಪದೆ ಪಡೆಯತಕ್ಕದ್ದು. ಮೆಲ್ಲನೆ ಎತ್ತಿದಾಗ ಬುಡ ಸಡಿಲಾಗಿ ಅಲುಗುವ ಗಿಡವನ್ನು ಕೊಳ್ಳಬಾರದು.